ಸಾರು ಚೆಲ್ಲದ ಮನುಷ್ಯ

ಮದುವೆ ಮನೆಯ ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಹತ್ತಿರ ಬಂತೆಂದರೆ ನಾನು ಎರಡೂ ತೋಳು ಚಾಚಿ ಎಲೆಯನ್ನು ತಬ್ಬಿಕೊಳ್ಳುತ್ತೇನೆ. ಅನ್ನ ಬಡಿಸುವವನಿಗೆ ಹೆದರುವುದಿಲ್ಲ, ಪಲ್ಯದವನಿಗೆ ಹೆದರುವುದಿಲ್ಲ, ಪಾಯಸದವನನ್ನಂತೂ ಕತ್ತು ಉದ್ದ ಮಾಡಿಕೊಂಡು ಕಾಯುತ್ತೇನೆ. ಸಾರಿನವನು ಬಂದಾಗ ಮಾತ್ರ ಒಂದು ಮೊಣಕೈ ಎಲೆಯ ಆ ಬದಿಗೆ, ಇನ್ನೊಂದು ಈ ಬದಿಗೆ, ಎದೆ ಅರ್ಧ ಹಪ್ಪಳದ ಮೇಲೆ. ಪಕ್ಕದಲ್ಲಿ ಕೂತ ನನ್ನ ಹೆಂಡತಿಗೆ ಎಲ್ಲಾದರೂ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ. "ಏನ್ರೀ ಇದು, ಎಲೆ ಕಿತ್ಕೊಂಡು ಯಾರಾದ್ರೂ ಓಡಿಹೋಗ್ತಾರಾ?" ಎಂದು ಹಲ್ಲು ಕಚ್ಚಿಕೊಂಡು ಕೇಳುತ್ತಾಳೆ. ಈಗಂತೂ ಚನ್ನರಾಯಪಟ್ಟಣದ ಕಲ್ಯಾಣ ಮಂಟಪಗಳಲ್ಲೂ ತಟ್ಟೆ ಹಿಡಿದು ನಿಂತು ತಿನ್ನುವ ಊಟ ಬಂದಿದೆ. ಅಲ್ಲಿ ಸಾರು ನಮ್ಮ ಹತ್ತಿರ ಬರುವುದಿಲ್ಲ, ನಾವೇ ಅದರ ಹತ್ತಿರ ಹೋಗಬೇಕು. ಅವಳಿಗೆ ಆ ಪದ್ಧತಿ ಬಹಳ ಇಷ್ಟ.

ಈ ಅಭ್ಯಾಸ ಎಲ್ಲಿಂದ ಬಂತೆಂದು ನಲವತ್ತು ದಾಟುವವರೆಗೂ ನನಗೇ ಗೊತ್ತಿರಲಿಲ್ಲ. ಗೊತ್ತಾದದ್ದು ಹೇಗೆಂದು ಹೇಳುತ್ತೇನೆ. ಹೇಳುವಾಗ ನಡುವೆ ದನಿ ಸ್ವಲ್ಪ ಏರಿದರೆ ಕ್ಷಮಿಸಿ. ಇಷ್ಟು ವರ್ಷವಾದರೂ ಈ ವಿಷಯ ಎತ್ತಿದರೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಸಿನಿಮಾ ಹುಚ್ಚಿನ ನಾಲ್ಕಾರು ಜನ ಸೇರಿ ಒಂದು ಚಿತ್ರ ಸಮಾಜ ಮಾಡಿಕೊಂಡಿದ್ದೆವು. ಸಮಾಜ ಎಂದರೆ ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ಸಾಲ ತಂದ ಪ್ರೊಜೆಕ್ಟರು, ಶಾಲೆಯ ಸಭಾಂಗಣ, ನಮ್ಮ ಮನೆಯ ಜಮಖಾನದ ಮೇಲೆ ಹಾಸುವ ಬಿಳಿ ಹೊದಿಕೆಯ ಪರದೆ. ಹೊದಿಕೆಯ ನಟ್ಟನಡುವೆ ನನ್ನ ಹೆಂಡತಿ ಹಾಕಿದ ಒಂದು ತೇಪೆ. ಜಗತ್ತಿನ ಯಾವ ಸುಂದರಿ ಬಂದು ನಿಂತರೂ ಹಾಸನದಲ್ಲಿ ಅವಳ ಕೆನ್ನೆಗೆ ತೇಪೆ ತಪ್ಪುತ್ತಿರಲಿಲ್ಲ. ಸದಸ್ಯರಲ್ಲಿ ಅರ್ಧ ಜನ ಕೊನೆಯಲ್ಲಿ ಕೊಡುವ ಬೋಂಡಕ್ಕಾಗಿ ಬರುವವರು. ಅದರಲ್ಲಿ ತಪ್ಪೇನೂ ಇಲ್ಲ, ಬೋಂಡ ಚೆನ್ನಾಗಿರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಬೆಂಗಳೂರಿನ ಗೆಳೆಯನೊಬ್ಬ ಒಂದು ತುಂಡು ರೀಲು ತಂದ. ಯಾವುದೋ ಮೂಕಿ ಚಿತ್ರದ್ದು. ಹೆಸರಿಲ್ಲ, ಮೊದಲಿಲ್ಲ, ಕೊನೆಯಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತಂತೆ. ದೀಪ ಆರಿಸಿ ಓಡಿಸಿದೆವು. ಒಂದು ಸಾಹುಕಾರರ ಮನೆ. ಮುಖಕ್ಕೆ ಬಿಳಿ ಬಳಿದುಕೊಂಡು, ಪೊರಕೆಯಂಥ ಮೀಸೆ ಅಂಟಿಸಿಕೊಂಡ ಸಣಕಲು ಆಳೊಬ್ಬ ತಟ್ಟೆಯ ತುಂಬ ಕಾಫಿ ಲೋಟ ಹೊತ್ತು ಬರುತ್ತಾನೆ. ನೆಲ ಒದ್ದೆಯಾಗಿದೆ. ಎಡಗಾಲು ಸರ್ರೆಂದು ಮುಂದಕ್ಕೆ ಜಾರುತ್ತದೆ. ಮೈ ಹಿಂದಕ್ಕೆ ವಾಲುತ್ತದೆ, ಇನ್ನೂ ವಾಲುತ್ತದೆ, ಕುಂಡಿ ನೆಲಕ್ಕೆ ತಾಗಿತು ಅನ್ನುವಷ್ಟರಲ್ಲಿ ಮನುಷ್ಯ ಅಲ್ಲಿಂದಲೇ ತಿರುಗಿ ಮೇಲಕ್ಕೆ ಬರುತ್ತಾನೆ. ತಟ್ಟೆ ಇದ್ದ ಮಟ್ಟದಲ್ಲೇ ಇದೆ. ಒಂದು ಹನಿ ಚೆಲ್ಲಿಲ್ಲ. ಆಮೇಲೆ ಅವನು ಮಾಡಿದ್ದು ನೋಡಿ. ಹಿಂತಿರುಗಿ, ತಟ್ಟೆ ಕೆಳಗಿಟ್ಟು, ಜಾರಿದ ಜಾಗವನ್ನು ಹೆಗಲ ವಸ್ತ್ರದಿಂದ ಒರೆಸಿ, ಆ ನೆಲಕ್ಕೆ ಭಕ್ತಿಯಿಂದ ಕೈ ಮುಗಿದು, ಏನೂ ಆಗದವನಂತೆ ಹೊರಟುಹೋಗುತ್ತಾನೆ. ಅಲ್ಲಿಗೆ ರೀಲು ಮುಗಿಯಿತು.

ಸಭಾಂಗಣದಲ್ಲಿ ನಗು ಏಳುವ ಮೊದಲೇ ಹಿಂದಿನಿಂದ ಒಂದು ಗಂಟಲು ಎದ್ದಿತು. "ಲೇ ಲೇ ಲೇ! ಇವ್ನು ನಮ್ ಬುರುಡೆ ಸಾಮಣ್ಣ ಅಲ್ವಲಾ! ಆ ಕಿವಿ ನೋಡ್ಲಾ, ಮೊರ ಇದ್ದಂಗವೆ!"

ಕೂಗಿದವರು ದುದ್ದದ ಪುಟ್ಟೇಗೌಡರು. ನಮ್ಮ ಸಮಾಜದ ಸದಸ್ಯರೊಬ್ಬರ ಮಾವ. ಮಗಳ ಮನೆಗೆಂದು ಬಂದು, ಹೊತ್ತು ಹೋಗದೆ ಅಳಿಯನ ಜೊತೆ ಬಂದಿದ್ದರು. ನಾನು ಕತ್ತಲೆಯಲ್ಲೇ ಎರಡು ಕುರ್ಚಿ ಬೀಳಿಸಿಕೊಂಡು ಅವರ ಹತ್ತಿರ ಓಡಿದೆ.

"ಸಾ, ನಾನು ಚಿಕ್ಕೋನಾಗಿದ್ದಾಗ ನಮ್ಮಪ್ಪನ ಜೊತೆ ಗಾಡೀಲಿ ತೆಂಗಿನಕಾಯಿ ಏರ್ಕಂಡು ಚನ್ರಾಯಪಟ್ಣಕ್ಕೆ ಓಯ್ತಿದ್ದೆ" ಎಂದರು ಗೌಡರು. "ಅಲ್ಲಿ ಓಟ್ಲಲ್ಲಿ ಈವಯ್ಯ ಕುಂತಿರೋನು. ಬಾಯಿ ಬುಟ್ರೆ ಮುಂಬಾಯಿ. ಸಿನಿಮಾದಲ್ಲಿ ಆನೆ ಮ್ಯಾಲಿಂದ ಬಿದ್ದೆ ಅನ್ನೋನು, ರೈಲ್ ಮ್ಯಾಲೆ ಓಡ್ದೆ ಅನ್ನೋನು. ಯಾವನು ನಂಬ್ತಾನೆ ಸಾ? ಬುರುಡೆ ಸಾಮಣ್ಣ ಅಂತ ಎಸ್ರಿಟ್ಬುಟ್ಟಿದ್ವಿ. ಈಗ ನೋಡುದ್ರೆ..." ಅವರು ತೇಪೆಯ ಪರದೆಯತ್ತ ಕೈ ತೋರಿಸಿದರು.

ಮುಂಬಯಿಯಲ್ಲಿ ಜನರನ್ನು ನಗಿಸಿ ಬಂದ ಒಬ್ಬ ನಟ ನಮ್ಮ ಚನ್ನರಾಯಪಟ್ಟಣದ ಹೋಟೆಲಿನಲ್ಲಿ ಕೂತು ಕಾಫಿ ಕುಡಿದಿದ್ದಾನೆ! ಆಮೇಲೆ ಎಲ್ಲಿ ಹೋದ? ಹೇಗೆ ಬದುಕಿದ? ಯಾರಿಗೂ ಗೊತ್ತಿಲ್ಲ. ಕಿವಿಯೊಂದನ್ನೇ ನಂಬುವ ಹಾಗೂ ಇಲ್ಲ, ನಮ್ಮ ಜಿಲ್ಲೆಯಲ್ಲಿ ಮೊರದಂಥ ಕಿವಿಗೆ ಬರವಿಲ್ಲ. ಅವತ್ತಿನಿಂದ ನನ್ನ ಪಾಠ ಕೆಟ್ಟಿತು. ಘರ್ಷಣೆಯ ಪಾಠಕ್ಕೆ ನಿಂತರೆ ಒದ್ದೆ ನೆಲವೇ ಕಣ್ಣ ಮುಂದೆ. ಗುರುತ್ವ ಕೇಂದ್ರ ಎಲ್ಲಿದ್ದರೆ ಮನುಷ್ಯ ಹಾಗೆ ವಾಲಬಹುದೆಂದು ಬೋರ್ಡಿನ ಮೇಲೆ ಚಿತ್ರ ಬರೆದೆ. ಲೆಕ್ಕ ಸರಿಯಾಗಿಯೇ ಇತ್ತು. ಮನೆಗೆ ಬಂದು, ಅಡುಗೆಮನೆ ಬಾಗಿಲಲ್ಲಿ ನೀರು ಚಿಮುಕಿಸಿ, ತಟ್ಟೆ ಹಿಡಿದು ನಾನೇ ಜಾರಿ ನೋಡಿದೆ. ಹೆಂಡತಿ ತವರಿನಿಂದ ತಂದಿದ್ದ ಪಿಂಗಾಣಿ ಕಪ್ಪುಗಳ ವಿಷಯ ನಮ್ಮ ಮನೆಯಲ್ಲಿ ಇವತ್ತಿಗೂ ಎತ್ತುವಂತಿಲ್ಲ.

ರಜೆ ಬಂದದ್ದೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಗೌಡರು ಹೇಳಿದ ಹೋಟೆಲು ಇನ್ನೂ ಇತ್ತು. ಗಲ್ಲಾದಲ್ಲಿ ಹಳೆಯ ಮಾಲೀಕರ ಮಗ. ಬುರುಡೆ ಶಾಮಣ್ಣನ ಹೆಸರು ಹೇಳಿದ ಕೂಡಲೇ ನಗಲು ಶುರುಮಾಡಿದರು.

"ನಮ್ಮಪ್ಪ ಹೇಳ್ತಾನೇ ಇದ್ರು ಸಾರ್. ಮಾತು ಅಂದ್ರೆ ಮಾತಂತೆ. ದನಿ ನೋಡಿದ್ರೆ ಹೆಣ್ಣುಮಕ್ಕಳ ದನಿ, ಪೀಪಿ ಊದಿದ ಹಾಗೆ. ಅವರು ಕತೆ ಹೇಳೋಕೆ ಶುರುಮಾಡಿದ್ರೆ ಗಿರಾಕಿಗಳು ಎದ್ದು ಹೋಗ್ತಿರಲಿಲ್ಲವಂತೆ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನ ಕರ್ಕೊಂಡು ಹಳ್ಳಿಮೈಸೂರಿಗೆ ಹೋದರು. ಆಮೇಲೆ ಮಗಳನ್ನ ಅರಕಲಗೂಡಿನ ಒಬ್ಬ ಮೇಷ್ಟ್ರಿಗೆ ಕೊಟ್ಟರು ಅಂತ ಕೇಳಿದ್ದೆ."

ಮಗಳು! ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಆದರೆ ಅರಕಲಗೂಡಿಗೆ ಹೋಗುವ ಮೊದಲು ಹೊಳೆನರಸೀಪುರದಲ್ಲಿ ಇಳಿದೆ. ಹಳ್ಳಿಮೈಸೂರಿನ ಜನ ಪೇಟೆಗೆ ಬರುವುದು ಅಲ್ಲಿಗೇ. ಅದೂ ಅಲ್ಲದೆ ಅದು ನನ್ನ ತಾಯಿಯ ತವರು. ಅಲ್ಲಿದ್ದ ನನ್ನ ಸೋದರಮಾವ ನಚ್ಚು ಮಾವ, ಊರಿನ ಯಾವ ಮನೆಯಲ್ಲಿ ಯಾವ ಕಾಲಕ್ಕೆ ಏನಾಯಿತೆಂದು ಬಾಯಲ್ಲೇ ಇಟ್ಟುಕೊಂಡವರು.

"ಹಾಸ್ಯಗಾರನಾ? ಬಾಯಿಬಡುಕನಾ?" ಎಂದು ಮಾವ ನಶ್ಯದ ಡಬ್ಬಿ ತಟ್ಟಿದರು. "ಅಂಥೋನು ಈ ಊರಿಗೆ ಬಂದಿದ್ರೆ ನನಗೆ ಗೊತ್ತಿರ್ತಿತ್ತು ಕಣೋ. ನಗಿಸೋನು ಅಂದ್ರೆ ಒಬ್ಬ ಇದ್ದ, ಅಡುಗೆಯವರ ಜೊತೆ ಬರ್ತಿದ್ದ. ಮದುವೆ, ಮುಂಜಿ, ದೇವಸ್ಥಾನದ ಸಂತರ್ಪಣೆ, ಎಲ್ಲಾ ಕಡೆ ಸಾರು ಬಡಿಸೋಕೆ ಅವನೇ. ಪಾಪ, ಮೂಗ. ಅವನು ಪಂಕ್ತಿಗೆ ಇಳಿದ ಅಂದ್ರೆ..."

"ಮಾವ, ಮೂಗ ಬೇಡ. ನಾನು ಹುಡುಕ್ತಿರೋನು ಮಾತಿನ ಮಲ್ಲ" ಎಂದು ನಾನು ತಡೆದೆ.

"ಹಾಗಾದ್ರೆ ನೀನು ಬೇರೆ ಊರಲ್ಲಿ ಇಳೀಬೇಕಿತ್ತು" ಎಂದು ಮಾವ ಮುನಿಸಿಕೊಂಡು ನಶ್ಯ ಏರಿಸಿದರು.

ನೀವು ನನಗಿಂತ ಚುರುಕಾಗಿರುತ್ತೀರಿ, ನಿಮಗೆ ಇಷ್ಟು ಹೊತ್ತಿಗೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಬದಲಿಗೆ ಆ ಹಜಾರದಲ್ಲಿ ಕೂತದ್ದೇ ನನಗೆ ಅಲ್ಲಿ ಉಂಡ ಊಟಗಳೆಲ್ಲ ನೆನಪಾದವು. ಬೇಸಿಗೆ ರಜೆಯಲ್ಲಿ ಯಾರಾದರೊಬ್ಬರ ಮುಂಜಿ ಇದ್ದೇ ಇರುತ್ತಿತ್ತು. ತಣ್ಣನೆಯ ಕಡಪ ಕಲ್ಲಿನ ನೆಲ, ನೀರು ಚಿಮುಕಿಸಿದ ಬಾಳೆ ಎಲೆಯ ವಾಸನೆ, ಹಸಿವು. ಅನ್ನ ಬಿದ್ದ ಕೂಡಲೇ ಅದಕ್ಕೆ ಕಟ್ಟೆ ಕಟ್ಟುವುದು ನಮ್ಮ ದೊಡ್ಡ ಕೆಲಸ. ನಡುವೆ ಗುಂಡಿ ತೋಡಿ, ಸುತ್ತ ಒತ್ತಿ ಒತ್ತಿ ಏರಿ ಮಾಡಿ ಸಾರಿಗೆ ಕಾಯುತ್ತಿದ್ದೆವು. ಕಟ್ಟೆ ಒಡೆದು ಸಾರು ಪಕ್ಕದವನ ಕೋಸಂಬರಿಗೆ ನುಗ್ಗಿದರೆ ಜಗಳ. ಬಡಿಸುವವರು ಯಾರು, ಹೇಗಿದ್ದರು, ಒಂದೂ ನೆನಪಿಲ್ಲ. ನೆಲದ ಮೇಲೆ ಕೂತ ಮಗುವಿಗೆ ಅವರ ಮುಖ ಎಲ್ಲಿ ಕಾಣುತ್ತದೆ? ಒದ್ದೆ ಪಾದ, ಪಂಚೆಯ ಅಂಚು, ಬಕೆಟ್ಟಿನ ತಳ, ಅಷ್ಟೆ.

ಮರುದಿನ ಬೆಳಿಗ್ಗೆ ಅರಕಲಗೂಡು. ಮೇಷ್ಟ್ರ ಮನೆ ಸುಲಭವಾಗಿ ಸಿಕ್ಕಿತು. ಮೇಷ್ಟ್ರು ತೀರಿಕೊಂಡಿದ್ದರು. ಅವರ ಮಗನೂ ಮೇಷ್ಟ್ರೇ. ಮನೆಯ ತುಂಬ ಜನ, ಅಂಗಳದ ತುಂಬ ಹಪ್ಪಳ. ಹಪ್ಪಳ ತಿರುವಿ ಹಾಕುತ್ತಿದ್ದ ಹಿರಿಯರೇ ಶಾಮಣ್ಣನ ಮಗಳು ಕಮಲಮ್ಮ. ಮೊರದಂಥ ಕಿವಿ! ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು.

"ನಿಮ್ಮ ತಂದೆ ಸಿನಿಮಾದಲ್ಲಿದ್ರಂತೆ..." ಎಂದು ಶುರುಮಾಡಿದ್ದಷ್ಟೇ. ಅವರ ಮುಖ ಬಿಗಿಯಿತು.

"ನೀವೂ ನಗೋಕೆ ಬಂದ್ರಾ? ನಕ್ಕೋರು ಸಾಕಷ್ಟು ಜನ ಇದ್ದಾರೆ. ನಾನು ಸ್ಕೂಲಿಗೆ ಹೋದ್ರೆ ಬುರುಡೆ ಮಗಳು ಬಂದ್ಲು ಅನ್ನೋರು."

ನಾನು ನಗಲು ಬಂದಿಲ್ಲವೆಂದು, ಒಂದು ತುಂಡು ಚಿತ್ರ ಸಿಕ್ಕಿದೆಯೆಂದು, ಅದರಲ್ಲಿರುವವರು ಅವರ ತಂದೆ ಇರಬಹುದೆಂದು ಒಂದೇ ಉಸಿರಿಗೆ ಹೇಳಿದೆ. ಕಮಲಮ್ಮ ಹಪ್ಪಳ ಬಿಟ್ಟು ಜಗಲಿಗೆ ಬಂದು ಕೂತರು.

"ನೋಡಿ, ನಾನು ಅಪ್ಪನ್ನ ನಂಬಿದ್ದೆ. ದೊಡ್ಡೋಳಾದ ಮೇಲೆ ನಂಬಿಕೆ ಹೋಯ್ತು. ಒಂದು ಪಟ ಇಲ್ಲ, ಒಂದು ಚಿತ್ರ ಇಲ್ಲ, ಏನು ನೋಡಿ ನಂಬ್ಲಿ? ಅಪ್ಪ ಸುಳ್ಳು ಹೇಳಿದ್ರೋ ನಿಜ ಹೇಳಿದ್ರೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದೇನೇ ನಾನೂ ಹೋಗಿಬಿಡ್ತೀನೇನೋ ಅಂತ ಒಂದೊಂದು ಸಲ ಭಯ ಆಗುತ್ತೆ."

ನನ್ನ ಉತ್ಸಾಹಕ್ಕೆ ಯಾರೋ ತಣ್ಣೀರು ಎರಚಿದಂತಾಯಿತು. ಅಷ್ಟು ದಿನ ನಾನು ಒಬ್ಬ ನಟನನ್ನು ಹುಡುಕುತ್ತಿದ್ದೆ. ಇಲ್ಲಿ ಒಬ್ಬ ಮಗಳು ಅಪ್ಪ ಸುಳ್ಳನೋ ಅಲ್ಲವೋ ಎಂದು ಕಾಯುತ್ತಿದ್ದಳು. ಮೆಲ್ಲಗೆ ಕೇಳಿದೆ, ಮುಂಬಯಿ ಬಿಟ್ಟು ಯಾಕೆ ಬಂದರು?

"ಮಾತಾಡೋ ಸಿನಿಮಾ ಬಂತಲ್ಲ. ಮೈಕಿನ ಮುಂದೆ ನಿಲ್ಲಿಸಿ ದನಿ ಕೇಳಿದ್ರಂತೆ. ಎಲ್ಲಾರೂ ಬಿದ್ದು ಬಿದ್ದು ನಕ್ಕರಂತೆ. 'ಕಮಲೂ, ನಗಿಸೋದು ನನ್ನ ಕಸುಬು. ಅವತ್ತು ಮಾತ್ರ ನಾನು ನಗಿಸಿರಲಿಲ್ಲ ಕಣೆ, ಅವರೇ ನಕ್ಕರು' ಅನ್ನೋರು."

"ಆಮೇಲೆ ಹಳ್ಳಿಮೈಸೂರಲ್ಲಿ ಏನು ಮಾಡ್ತಿದ್ರು?"

"ಏನು ಮಾಡ್ತಾರೆ? ಅಡುಗೆಯವರ ಜೊತೆ ಹೋಗ್ತಿದ್ರು. ಹೊಳೆನರಸೀಪುರದ ಮದುವೆ ಮುಂಜಿಗಳಿಗೆಲ್ಲ ಸಾರು ಬಡಿಸ್ತಿದ್ರು."

ನಾನು ಜಗಲಿಯಿಂದ ಎದ್ದು ನಿಂತೆ. "ಮೂಗ!" ಎಂದು ಕೂಗಿಬಿಟ್ಟೆ. ಅಂಗಳದ ಜನ ಹಪ್ಪಳ ಬಿಟ್ಟು ನನ್ನನ್ನು ನೋಡಿದರು. "ಅಲ್ಲಿ ಎಲ್ಲರೂ ಅವರನ್ನ ಮೂಗ ಅಂದ್ಕೊಂಡಿದ್ದಾರೆ!"

ಕಮಲಮ್ಮ ಮೊದಲ ಸಲ ನಕ್ಕರು. "ಮೂಗರಾ? ಮನೇಲಿ ನಮಗೆ ಬಾಯಿ ತೆಗೆಯೋಕೆ ಬಿಡ್ತಿರಲಿಲ್ಲ! ಪಂಕ್ತೀಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಮಡೀಲಿ ಬಡಿಸುವಾಗ ಮಾತಾಡಬಾರದಲ್ಲ, ಎಂಜಲು ಸಿಡಿಯುತ್ತೆ ಅಂತ."

ಇದು ನನಗೆ ಗೊತ್ತಿಲ್ಲದ ನಿಯಮವೇ? ನಮ್ಮಜ್ಜಿ ಶ್ರಾದ್ಧದ ದಿನ ಬಡಿಸುವಾಗ ಉಪ್ಪು ಬೇಕೇ ಎಂಬುದನ್ನೂ ಹುಬ್ಬಿನಲ್ಲೇ ಕೇಳುತ್ತಿದ್ದವರು. ಆದರೆ ಮದುವೆ ಮನೆಯಲ್ಲಿ ಯಾರು ಅದನ್ನು ಪಾಲಿಸುತ್ತಾರೆ? ಬಡಿಸುವವರೆಲ್ಲ "ಸಾರು, ಸಾರು" ಎಂದು ಕೂಗುತ್ತಲೇ ಓಡುತ್ತಾರೆ. ಅವರ ನಡುವೆ ಒಬ್ಬನೇ ಒಬ್ಬ ಮಡಿಯ ನಿಯಮ ಹಿಡಿದು ಸುಮ್ಮನಿದ್ದರೆ ಊರು ಅವನನ್ನು ಮೂಗನೆಂದೇ ತಿಳಿಯುತ್ತದೆ. ನಾನು ಇದನ್ನೇ ಕಮಲಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ನಾವು ಕೇಳಿದ್ರೆ ಮಡಿ ಅಂತ ಹೇಳ್ತಿದ್ರು. ನನಗೇನೋ ಅದು ಮಡಿ ಅಲ್ಲ ಅನ್ನಿಸ್ತಿತ್ತು" ಎಂದರು. ಮಾತು ಬೇಡದ ಒಂದು ಜಾಗ ಆ ಮನುಷ್ಯನಿಗೆ ಕೊನೆಗೂ ಸಿಕ್ಕಿತ್ತು.

ಪಂಕ್ತಿಯಲ್ಲಿ ಅವರು ಏನು ಮಾಡುತ್ತಿದ್ದರೆಂದು ಕೇಳಲು ಬಾಯಿ ತೆರೆದೆ. ಕಮಲಮ್ಮ ಕೈ ಅಡ್ಡ ಹಿಡಿದರು. "ಈಗ ಏನೂ ಕೇಳಬೇಡಿ, ಹೇಳಲೂಬೇಡಿ. ಚಿತ್ರ ತನ್ನಿ. ಬೇರೆ ಯಾರನ್ನೋ ತೋರಿಸಿ ನಿಮ್ಮಪ್ಪ ಅನ್ನಬೇಡಿ. ಅಪ್ಪ ಹೌದೋ ಅಲ್ಲವೋ ನಾನು ಹೇಳ್ತೀನಿ."

ಬೆಂಗಳೂರಿನ ಗೆಳೆಯನ ಬೆನ್ನು ಹತ್ತಿ ಆ ತುಂಡನ್ನು ವಿಡಿಯೋ ಕ್ಯಾಸೆಟ್ಟಿಗೆ ಇಳಿಸಿಕೊಂಡೆ. ಬರೀ ಮೂಕಿ ಆದರೆ ಜನಕ್ಕೆ ಬೇಜಾರಾಗುತ್ತದೆಂದು ಅವನು ಉದಾರವಾಗಿ ಹಾರ್ಮೋನಿಯಂ, ತಬಲ ಸೇರಿಸಿ ಕಳಿಸಿದ. ಪುಟ್ಟೇಗೌಡರು ತಾವೂ ಬರುತ್ತೇನೆಂದು ಹಟ ಹಿಡಿದರು. "ಎಸ್ರಿಟ್ಟೋನು ನಾನೂ ಒಬ್ಬ ಸಾ. ನಾನೂ ಬತ್ತೀನಿ" ಎಂದು, ಒಂದು ಗೊನೆ ಎಳನೀರಿನ ಜೊತೆ ಬಸ್ಸು ಹತ್ತಿದರು.

ಅರಕಲಗೂಡಿನಲ್ಲಿ ಕಮಲಮ್ಮನ ಮಗ ಕ್ಯಾಸೆಟ್ಟು ಓಡಿಸುವ ವಿಸಿಪಿ ಬಾಡಿಗೆಗೆ ತಂದಿಟ್ಟಿದ್ದರು. ಅಕ್ಕಪಕ್ಕದವರೆಲ್ಲ ಬಂದು ಕೂತಿದ್ದರು. ಕಮಲಮ್ಮ ಟಿವಿಯ ಎದುರಿಗೆ ಮಣೆ ಹಾಕಿಕೊಂಡು ಕೂತರು. ನಾನು ಕ್ಯಾಸೆಟ್ಟನ್ನು ತಲೆಕೆಳಗಾಗಿ ತುರುಕಿ ಅದು ಎರಡು ಸಲ ಹೊರಗೆ ಬಂತು. ಇವರು ಅಲ್ಲ ಎಂದುಬಿಟ್ಟರೆ? ಆ ಭಯ ನನಗೆ ಅಲ್ಲಿಯವರೆಗೂ ಬಂದಿರಲಿಲ್ಲ.

ಚಿತ್ರ ಬಂತು. ತಬಲ ಧಡಬಡ ಶುರುವಾಯಿತು. ಮೀಸೆಯ ಆಳು ತಟ್ಟೆ ಹೊತ್ತು ಬಾಗಿಲಲ್ಲಿ ಕಾಣಿಸಿಕೊಂಡ. ಕಮಲಮ್ಮ ಮುಂದಕ್ಕೆ ಬಾಗಿದರು.

"ಆ ಸದ್ದು ನಿಲ್ಲಿಸಿ" ಎಂದರು.

ಮಗ ಎದ್ದು ದನಿಯನ್ನು ಪೂರ್ತಿ ಇಳಿಸಿದರು. ಮನೆಯೊಳಗೆ ಸದ್ದೇ ಇಲ್ಲ. ಆಳು ನಡೆದು ಬರುತ್ತಿದ್ದ. ಇನ್ನೂ ಏನೂ ಆಗಿರಲಿಲ್ಲ.

"ಎಡಗಾಲು ಜಾರುತ್ತೆ ಈಗ" ಎಂದರು ಕಮಲಮ್ಮ, ಯಾರಿಗೂ ಹೇಳದ ಹಾಗೆ. ಜಾರಿತು. ಕೂತ ಹೆಂಗಸರು ಅಯ್ಯಯ್ಯೋ ಎಂದರು. "ಚೆಲ್ಲಲ್ಲ ಬಿಡಿ. ಎದ್ದ ಮೇಲೆ ನೆಲ ಒರೆಸಿ ಕೈ ಮುಗೀತಾರೆ, ನೋಡ್ತಿರಿ."

ಪರದೆಯ ಮೇಲೆ ಶಾಮಣ್ಣ ಎದ್ದರು, ನೆಲ ಒರೆಸಿದರು, ಕೈ ಮುಗಿದರು. ಇಡೀ ಮನೆ ಒಂದೇ ಸಲ ಚಪ್ಪಾಳೆ ತಟ್ಟಿತು. ಕಮಲಮ್ಮ ಮಾತ್ರ ನಗುತ್ತಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, "ನಿಜ ಹೇಳಿದ್ರು, ಎಲ್ಲಾ ನಿಜಾನೇ ಹೇಳಿದ್ರು" ಎಂದು ಅಳುತ್ತಿದ್ದರು. ಪುಟ್ಟೇಗೌಡರು ಎದ್ದು ಟಿವಿಯ ಮುಂದೆ ನಿಂತು, ಖಾಲಿ ಪರದೆಗೆ ಕೈ ಮುಗಿದು, "ತಪ್ಪಾಯ್ತು ಸಾಮಣ್ಣಾ" ಎಂದರು. ಆಮೇಲೆ ಎಷ್ಟು ಸಲ ಅದನ್ನು ಹಿಂದಕ್ಕೆ ಓಡಿಸಿ ನೋಡಿದೆವೋ ತಿಳಿಯದು. ವಿಸಿಪಿ ಬಿಸಿಯಾಗಿ ಸುಟ್ಟ ವಾಸನೆ ಬಂದ ಮೇಲೆ ನಿಲ್ಲಿಸಿದೆವು.

ನಮ್ಮಿಬ್ಬರನ್ನೂ ಊಟಕ್ಕೆ ಕೂರಿಸಿದರು. ಹಜಾರದಲ್ಲಿ ಎಲೆ ಹಾಕಿ, ಮಗನೂ ಪಕ್ಕದಲ್ಲಿ ಕೂತರು. ಗೌಡರು ಇನ್ನೂ ಆನೆಯ ಕತೆಯನ್ನೇ ಹೇಳುತ್ತಿದ್ದರು, ಈಗ ಅದೂ ನಿಜವೇ ಇರಬೇಕೆಂದು. ಸೊಸೆ ಅನ್ನ ಬಡಿಸಿದಳು. ನಾನು ಎಂದಿನಂತೆ ಕಟ್ಟೆ ಕಟ್ಟಿದೆ. ಸಾರಿನ ಪಾತ್ರೆ ಹಿಡಿದು ಕಮಲಮ್ಮನೇ ಬಂದರು. ಅವರ ಪಾದ ನನ್ನ ಎಲೆಯ ಹತ್ತಿರ ಬಂದದ್ದೇ ನನ್ನ ಎರಡೂ ತೋಳು ತಾವಾಗಿ ಎಲೆಯನ್ನು ತಬ್ಬಿಕೊಂಡವು.

ಕಮಲಮ್ಮ ಹಾಗೇ ನಿಂತರು. ನನ್ನ ತೋಳುಗಳನ್ನೇ ನೋಡಿದರು. ಏನೋ ಹೇಳಲು ಹೊರಟು, ಕೈಯಲ್ಲಿ ಸಾರಿರುವುದು ನೆನಪಾಗಿ ತುಟಿ ಮುಚ್ಚಿದರು. ಪಾತ್ರೆಯನ್ನು ಕೆಳಗಿಟ್ಟು, ಎರಡು ಹೆಜ್ಜೆ ದೂರ ಸರಿದು ಆಮೇಲೆ ಕೇಳಿದರು.

"ನೀವು ಚಿಕ್ಕೋರಿದ್ದಾಗ ಹೊಳೆನರಸೀಪುರದಲ್ಲಿ ಊಟಕ್ಕೆ ಕೂತಿದ್ರಾ?"

"ನಮ್ಮಮ್ಮನ ತವರು. ಪ್ರತಿ ಬೇಸಿಗೇಲೂ ಹೋಗ್ತಿದ್ದೆ. ಯಾಕೆ?"

"ಅಪ್ಪ ಮನೆಗೆ ಬಂದು ಹೇಳೋರು. 'ಕಮಲೂ, ಆ ಊರಿನ ಮಕ್ಕಳು ನನ್ನ ಕಂಡ ಕೂಡಲೇ ಎಲೆ ತಬ್ಕೋತಾವೆ ಕಣೆ. ಬಕೆಟ್ಟು ಹಿಡಿದು ಜಾರ್ತೀನಲ್ಲ, ಮೊದಲು ಹೆದರಿಕೊಂಡು ತಬ್ಕೋತಾವೆ, ಚೆಲ್ಲದೆ ಎದ್ದ ಮೇಲೆ ನಗ್ತಾವೆ' ಅಂತ." ಕಮಲಮ್ಮ ಕಣ್ಣೊರೆಸಿಕೊಂಡರು. "ಅದನ್ನೂ ಬುರುಡೆ ಅಂದ್ಕೊಂಡಿದ್ದೆ."

ಊರೂರು ಅಲೆದು ಹುಡುಕಿದ ಮನುಷ್ಯ ನನ್ನ ಎಲೆಯ ಮುಂದೆಯೇ ಜಾರಿ ಎದ್ದು ಕೈ ಮುಗಿದು ಹೋಗಿದ್ದ. ತಲೆ ಮರೆತದ್ದನ್ನು ತೋಳು ಇಷ್ಟು ವರ್ಷ ಇಟ್ಟುಕೊಂಡಿತ್ತು.

ಕಮಲಮ್ಮ ಮತ್ತೆ ಪಾತ್ರೆ ಎತ್ತಿಕೊಂಡು, ಬಾಯಿ ಮುಚ್ಚಿಕೊಂಡು, ನನ್ನ ಕಟ್ಟೆಯ ನಡುವಿನ ಗುಂಡಿಗೆ ಸಾರು ಬಡಿಸಿದರು. ಒಂದು ಹನಿ ಆಚೆ ಬೀಳಲಿಲ್ಲ. ನಾನು ತೋಳು ತೆಗೆಯಲಿಲ್ಲ.